ಜೀರಿಗೆ ಹಾಕದ ಸಾರು

ನಮ್ಮಮ್ಮನಿಗೆ ಜೀರಿಗೆಯ ಮೇಲಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ದೇವರ ಜೊತೆ ಆಗಾಗ ಮುನಿಸಿಕೊಳ್ಳುತ್ತಿದ್ದಳು. ಜೀರಿಗೆಯನ್ನು ಒಂದು ದಿನವೂ ಅನುಮಾನಿಸಿದವಳಲ್ಲ. ಹೊಟ್ಟೆನೋವಿಗೆ ಜೀರಿಗೆ ಕಷಾಯ, ತಲೆಸುತ್ತಿಗೆ ಜೀರಿಗೆ ಬೆಲ್ಲ, ಅಜೀರ್ಣಕ್ಕೆ ಮಜ್ಜಿಗೆಯಲ್ಲಿ ಹುರಿದ ಜೀರಿಗೆ ಪುಡಿ, ಚೆನ್ನೈನ ಬೇಸಿಗೆಗೆ ಜೀರಿಗೆ ಕುದಿಸಿ ಆರಿಸಿದ ನೀರು. ಪರೀಕ್ಷೆಯ ದಿನ ನಾನು ಹೆದರಿ ವಾಂತಿ ಮಾಡಿಕೊಂಡರೂ ಜೀರಿಗೆ, ಸಿಟ್ಟು ಮಾಡಿ ತಟ್ಟೆ ನೂಕಿದರೂ ಪಿತ್ತ ನೆತ್ತಿಗೇರಿದೆ ಎಂದು ಜೀರಿಗೆ. ನನಗೆ ಸಿಟ್ಟು ಬೇಗ ಬರುತ್ತದೆ, ಈಗಲೂ. ಹಾಗಾಗಿ ನಾನು ಕುಡಿದ ಕಷಾಯಕ್ಕೆ ಮಿತಿಯಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಪ್ಪ ರೈಲ್ವೆಯಲ್ಲಿದ್ದರು, ಅದಕ್ಕೇ ನಾವು ಚೆನ್ನೈನ ತಾಂಬರಂನವರು. ಅಮ್ಮ ತಿಪಟೂರಿನ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಲಿತ ನಾಲ್ಕೈದು ತಮಿಳು ಮಾತುಗಳಲ್ಲಿ 'ಸೀರಗಂ', ಅಂದರೆ ಜೀರಿಗೆ, ಒಂದಂತೆ. ಅಂಗಡಿಯವನು ಪೊಟ್ಟಣ ಕಟ್ಟುವ ಮೊದಲೇ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿ, "ಇದ್ರಲ್ಲಿ ಜೀವ ಇಲ್ಲ" ಎಂದು ಕನ್ನಡದಲ್ಲೇ ಹೇಳಿ ಮುಂದಿನ ಅಂಗಡಿಗೆ ನಡೆಯುತ್ತಿದ್ದಳು. ಅವನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತಿತ್ತು. ತಂದ ಜೀರಿಗೆಯನ್ನು ಮೊರದಲ್ಲಿ ಹರಡಿ, ಕಡ್ಡಿ ಕಲ್ಲು ಆರಿಸಿ, ಬಿಸಿಲಿಗಿಟ್ಟು ಡಬ್ಬಿಗೆ ತುಂಬುವುದು ಅವಳ ಪ್ರತಿ ತಿಂಗಳ ಕೆಲಸ. ಅಪ್ಪ ತೀರಿಕೊಂಡ ತಿಂಗಳು ಮಾತ್ರ ಅದು ನಡೆಯಲಿಲ್ಲ.

ನಾನು ಅಡ್ಯಾರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮದುವೆಯಾದ ನಾಲ್ಕನೇ ವರ್ಷ, ನನ್ನ ಹೆಂಡತಿ ಬಸುರಿಯಾದಳು. ಅವಳೂ ಚೆನ್ನೈನಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಒಂದು ಮಾತು ಕನ್ನಡ, ಇನ್ನೊಂದು ತಮಿಳು. ಅವಳಿಗೆ ತಾಯಿ ಇರಲಿಲ್ಲ. ತವರಿನಲ್ಲಿ ಬಾಣಂತನ ಮಾಡುವವರಿಲ್ಲವೆಂದು ಅಮ್ಮ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಐದನೇ ತಿಂಗಳಿಗೇ ಹಳೆಯ ಬೆಲ್ಲ, ತುಪ್ಪ, ಓಮ, ಮೆಣಸು, ಜೀರಿಗೆ ಎಲ್ಲ ಸೇರಿಸತೊಡಗಿದಳು. ನನ್ನ ಹೆಂಡತಿಗೆ ಜೀರಿಗೆಯ ವಾಸನೆ ಆಗದು. ಸಾರಿನಲ್ಲಿ ಕಾಳು ಸಿಕ್ಕಿದರೆ ಒಂದೊಂದನ್ನೇ ತಟ್ಟೆಯ ಅಂಚಿಗೆ ತಳ್ಳುವವಳು. "ಬಾಣಂತಿಯಾದಾಗ ನೋಡ್ತೀನಿ, ಹೆಂಗ್ ತಳ್ತೀಯೋ" ಎಂದು ಅಮ್ಮ ರೇಗಿಸುತ್ತಿದ್ದಳು. ಅವಳು ಮೂಗು ಮುಚ್ಚಿಕೊಂಡು ನಗುತ್ತಿದ್ದಳು.

ಬಾಣಂತನ ಏಳನೇ ತಿಂಗಳಿಗೇ ಬಂತು. ಕಾಲು ಊದಿಕೊಂಡಿತ್ತು, ಬಸುರಿಯರಿಗೆಲ್ಲ ಊದುತ್ತದೆ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ತಲೆನೋವೆಂದು ಕೂತವಳು ಕೂತಲ್ಲೇ ಸೆಳೆತ ಬಂದು ಬಿದ್ದಳು. ಹತ್ತಿರದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಒಂದು ಕಿಲೋಗೂ ಸ್ವಲ್ಪ ಕಡಿಮೆ. ಅಷ್ಟು ಚಿಕ್ಕ ಮಗುವನ್ನು ಇಟ್ಟುಕೊಳ್ಳುವ ಸೌಕರ್ಯ ಅಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ಪೋರೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು, ನಾನು ಜೊತೆಗೆ ಹೋದೆ. ಹೆಂಡತಿಗೆ ಸರಿಯಾಗಿ ಎಚ್ಚರ ಬಂದದ್ದು ಮರುದಿನ. ಅಷ್ಟು ಹೊತ್ತಿಗೆ ಮಗು ಊರಿನ ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿತ್ತು.

ಅವಳು ಆ ಮಗುವನ್ನು ಕೊನೆಗೂ ನೋಡಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ಧೈರ್ಯ ಇರುತ್ತದೋ ಇಲ್ಲವೋ.

ಮಗುವಿನ ಮೂಗಿಗೆ ನಳಿಗೆ ಹಾಕಿದ್ದರು. ತಾಯಿಯ ಹಾಲು ತಂದುಕೊಟ್ಟರೆ ಆ ನಳಿಗೆಯಲ್ಲೇ ಹನಿಹನಿಯಾಗಿ ಕೊಡಬಹುದು, ಅದಕ್ಕಿಂತ ಒಳ್ಳೆಯ ಔಷಧಿ ನಮ್ಮ ಹತ್ತಿರವೂ ಇಲ್ಲ ಎಂದರು ಅಲ್ಲಿಯ ಡಾಕ್ಟರು. ನಾನು ಬಂದು ಹೇಳಿದೆ. ಹೆಂಡತಿ ಹೊಲಿಗೆಯ ನೋವಿನಲ್ಲೇ ಎದ್ದು ಕೂತು ಹಾಲು ಹಿಂಡಲು ನೋಡಿದಳು. ಮೊದಲ ದಿನ ಏನೂ ಬರಲಿಲ್ಲ. ಎರಡನೇ ದಿನ ಚಮಚದ ತಳ ಒದ್ದೆಯಾಯಿತು. ಅಷ್ಟನ್ನೇ ನೋಡುತ್ತ ಕೂತಿದ್ದು, ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಅಮ್ಮ ಕೆಲಸಕ್ಕಿಳಿದಳು. ಬೆಳಗಾಗುತ್ತಲೇ ಬಾಣಲೆಯಲ್ಲಿ ಜೀರಿಗೆ ಹುರಿಯುವುದು, ಅದು ಚಟಪಟ ಎಂದು ಬಣ್ಣ ತಿರುಗುವಾಗ ಇಳಿಸುವುದು, ಕುಟ್ಟಾಣಿಯಲ್ಲಿ ಕುಟ್ಟುವುದು. ಒಂದು ಪಾಲು ಹಳೆಯ ಬೆಲ್ಲ ತುಪ್ಪದ ಜೊತೆ ಉಂಡೆಯಾಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಒಂದು ಪಾಲು ಮೆಣಸಿನ ಜೊತೆ ಅರೆದು ಮಧ್ಯಾಹ್ನದ ಸಾರಿಗೆ. ಕುಡಿಯುವ ನೀರಿಗೂ ಹುರಿದ ಜೀರಿಗೆ ಹಾಕಿಯೇ ಕುದಿಸಬೇಕು. ಎಲ್ಲವನ್ನೂ ಹಿಡಿಬುಟ್ಟಿಯಲ್ಲಿಟ್ಟುಕೊಂಡು ನರ್ಸಿಂಗ್ ಹೋಮಿಗೆ ನಡೆದೇ ಹೋಗುವಳು. "ಮಗು ಹಾಲು ಕುಡಿಯೋವರ್ಗೂ ಜೀರಿಗೆ ಒಂದು ಹೊತ್ತೂ ತಪ್ಪಬಾರ್ದು ಕಣಮ್ಮ. ಹಾಲು ಬಿಡಿಸೋ ಕಾಲ ಬಂದಾಗ ಜೀರಿಗೆ ನಿಲ್ಸಿಬಿಟ್ರೆ ಸಾಕು, ತಾನಾಗೇ ಬತ್ತುತ್ತೆ" ಎಂದು ಅವಳಿಗೆ ಪಾಠ ಹೇಳುತ್ತ ಸಾರನ್ನ ಕಲಸಿ ಕೊಡುತ್ತಿದ್ದಳು. ಪಕ್ಕದ ಹಾಸಿಗೆಯ ತಮಿಳು ಹೆಂಗಸಿಗೆ ಅವರ ಮನೆಯವರು ಪೂಂಡು ಎಂದರೆ ಬೆಳ್ಳುಳ್ಳಿ ಬೇಯಿಸಿ ತಿನ್ನಿಸುತ್ತಿದ್ದರು. ಅವರವರ ಬಾಣಂತಿಗೆ ಅವರವರ ಮದ್ದು.

ಜೀರಿಗೆಯಿಂದಲೋ, ನಾಲ್ಕು ದಿನ ಕಳೆದು ತಾನಾಗೇ ಇಳಿಯಿತೋ, ನಾನು ಹೇಳಲಾರೆ. ಐದನೇ ದಿನ ಹಾಲು ಬಂತು. ಮೊದಲು ಕಾಲು ಲೋಟ, ಆಮೇಲೆ ಅರ್ಧ. ಮೂಗು ಮುಚ್ಚಿಕೊಳ್ಳುತ್ತಿದ್ದ ನನ್ನ ಹೆಂಡತಿ, "ಅತ್ತೆ, ಸಾರಿಗೆ ಇನ್ನೂ ಸ್ವಲ್ಪ ಜೀರಿಗೆ ಹಾಕ್ಬಹುದಾ?" ಎಂದು ಕೇಳಿದಳು. ಅಮ್ಮ ಆ ದಿನ ಬೀದಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಬಂದಳು. ಗೆದ್ದವಳ ನಡಿಗೆ ಅದು.

ಹತ್ತನೇ ದಿನ ಹೆಂಡತಿಯನ್ನು ಮನೆಗೆ ಕಳಿಸಿದರು, ಆದರೆ ಬಿ.ಪಿ. ಇನ್ನೂ ಇಳಿದಿರಲಿಲ್ಲ. ಪ್ರಯಾಣ ಬೇಡ, ಮನಸ್ಸಿಗೆ ಏಟು ಬೀಳುವ ಯಾವ ಸಂಗತಿಯೂ ಬೇಡ, ಮತ್ತೊಂದು ಸಲ ಸೆಳೆತ ಬಂದರೆ ಕಷ್ಟ ಎಂದು ಲೇಡಿ ಡಾಕ್ಟರು ನನ್ನನ್ನೂ ಅಮ್ಮನನ್ನೂ ಪಕ್ಕಕ್ಕೆ ಕರೆದು ಹೇಳಿದರು. ಪೋರೂರಿಗೆ ಹೋಗಿ ಮಗುವನ್ನು ನೋಡಬೇಕೆಂದು ಅವಳು ಕೇಳಿದಾಗಲೆಲ್ಲ, "ಬಿ.ಪಿ. ಇಳೀಲಿ, ಕರ್ಕೊಂಡು ಹೋಗ್ತೀನಿ" ಎನ್ನುತ್ತಿದ್ದೆ. ನಾನು ರಜೆ ಹಾಕಿ ಹಾಲಿನ ಕೆಲಸಕ್ಕೆ ನಿಂತೆ. ಬೆಳಿಗ್ಗೆ ಅವಳು ಹಿಂಡಿಟ್ಟ ಹಾಲನ್ನು, ಬಿಸಿನೀರಿನಲ್ಲಿ ಕುದಿಸಿಟ್ಟ ಪುಟ್ಟ ಬಾಟಲಿಗೆ ಹಾಕಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಎರಡು ಬಸ್ಸು ಬದಲಾಯಿಸಿ ಪೋರೂರಿಗೆ ಹೋಗಿ ನರ್ಸ್ ಕೈಗೆ ಕೊಡುವುದು. ಗಾಜಿನಾಚೆಯಿಂದ ಮಗುವನ್ನು ಹತ್ತು ನಿಮಿಷ ನೋಡುವುದು. ಮೂರು ಗಂಟೆಗೆ ಮನೆಗೆ ಬಂದು ವರದಿ ಒಪ್ಪಿಸುವುದು.

ಆ ವರದಿಯೇ ಅವಳಿಗೆ ಮಗು. ಎಷ್ಟು ಕುಡೀತು, ಕೈ ಆಡಿಸ್ತಾ, ಬಣ್ಣ ಯಾರ ಥರ, ಕೂದಲು ಇದ್ಯಾ, ಬೆರಳು ನೀಳವಾಗಿದ್ಯಾ. ನಾನು ಹೆಚ್ಚು ಮಾತಿನವನಲ್ಲ, ಕಂಡದ್ದನ್ನು ಕಂಡಷ್ಟು ಹೇಳುವ ಗುಮಾಸ್ತನ ಅಭ್ಯಾಸ. ಮಗು ಬಾಡಿದ ಹೀರೆಕಾಯಿಯ ಹಾಗಿತ್ತು, ಅದನ್ನು ಹೇಳಲಾಗದು. ಹಾಗಾಗಿ ಸ್ವಲ್ಪ ಸ್ವಲ್ಪವೇ ಸೇರಿಸುವುದನ್ನು ಕಲಿತೆ. ಹುಬ್ಬು ನಿನ್ನದೇ ಎಂದೆ. ಹುಬ್ಬೇ ಇರಲಿಲ್ಲ ಅದಕ್ಕೆ.

ಹತ್ತೊಂಬತ್ತನೇ ದಿನ ನಾನು ಫ್ಲಾಸ್ಕು ಹಿಡಿದು ಹೋದಾಗ ನರ್ಸ್ ಕೈ ಚಾಚಲಿಲ್ಲ. ಡಾಕ್ಟರನ್ನು ಕರೆಸಿದಳು. ರಕ್ತಕ್ಕೆ ಸೋಂಕು, ಬೆಳಗಿನ ಜಾವದಿಂದಲೇ ಏರುಪೇರು, ತುಂಬ ಪ್ರಯತ್ನ ಪಟ್ಟೆವು ಎಂದರು. ಅವರು ನಿಜವಾಗಿಯೂ ಪ್ರಯತ್ನ ಪಟ್ಟಿದ್ದರು, ಆ ವಿಷಯದಲ್ಲಿ ನನಗೆ ಯಾರ ಮೇಲೂ ದೂರಿಲ್ಲ. ಆಸ್ಪತ್ರೆಯೆದುರಿನ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿ ಅಮ್ಮನನ್ನು ಕರೆಸಿದೆ. ಹೇಳಿದೆ. ಪಕ್ಕದ ಮನೆಯ ಮಿಕ್ಸಿಯ ಸದ್ದು ಮಾತ್ರ ಕೇಳುತ್ತಿತ್ತು.

"ಮನೆಗೆ ತರಬೇಡ," ಎಂದಳು ಕೊನೆಗೆ, ದನಿ ತಗ್ಗಿಸಿ. "ಡಾಕ್ಟ್ರು ಹೇಳಿದ್ದು ನೆನಪಿದ್ಯಲ್ಲ. ಇವಳಿಗೆ ಮತ್ತೆ ಸೆಳೆತ ಬಂದ್ರೆ ಇವಳನ್ನೂ ಕಳ್ಕೋತೀವಿ ಕಣೋ. ಒಂದು ವಾರ ತಡಿ. ಅಲ್ಲೇ ಮುಗಿಸ್ಕೊಂಡು ಬಾ. ಮುಖ ತೊಳ್ಕೊಂಡು ಬಾ."

ನಾನು ವಾದಿಸಲಿಲ್ಲ. ಇವತ್ತು ಎದೆ ಮುಟ್ಟಿಕೊಂಡು ಹೇಳುವುದಾದರೆ, ನನಗೆ ಆ ಕ್ಷಣ ಹಗುರವಾಯಿತು. ಹೆಂಡತಿಯ ಮುಂದೆ ಆ ಬಟ್ಟೆಯ ಗಂಟು ಹಿಡಿದು ನಿಲ್ಲುವುದು ತಪ್ಪಿತಲ್ಲ ಎಂದು. ಅವಳ ಜೀವ ಉಳಿಸುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ; ಅದು ಅರ್ಧ ನಿಜ. ಇನ್ನರ್ಧ ಹೇಡಿತನ.

ಆಸ್ಪತ್ರೆಯ ವಾರ್ಡಿನ ಕೆಲಸದವರೊಬ್ಬರು ನನ್ನ ಜೊತೆ ಬಂದರು. ನಡೆದರೆ ಹತ್ತು ನಿಮಿಷಕ್ಕೆ ಒಂದು ಸ್ಮಶಾನ. ರಸ್ತೆಯ ಅಂಚಿಗೇ, ಗೋಡೆಯ ಪಕ್ಕದಲ್ಲಿ ಜಾಗ ತೋರಿಸಿದರು. ಅಷ್ಟು ಚಿಕ್ಕವರಿಗೆ ಕರ್ಮ ಗಿರ್ಮ ಏನೂ ಇಲ್ಲ, ಮಣ್ಣು ಎಳೆದರೆ ಮುಗಿಯಿತು. ಮೇಲೊಂದು ಕಲ್ಲು ಇಟ್ಟರು, ನಾಯಿ ಕೆದಕಬಾರದೆಂದು. ಅಲ್ಲೇ ಬೋರಿನ ಪಂಪಿನಡಿ ತಲೆಗೆ ನೀರು ಹಾಕಿಕೊಂಡೆ. ಒದ್ದೆ ತಲೆಯಲ್ಲಿ ಮನೆಗೆ ಹೋದರೆ ಕೇಳುತ್ತಾಳೆಂದು ಬಸ್ ಸ್ಟಾಪಿನಲ್ಲಿ ಬಿಸಿಲಿಗೆ ತಲೆಯೊಡ್ಡಿ ನಿಂತು ಎರಡು ಬಸ್ಸು ಬಿಟ್ಟೆ. ಆಗ ಕೈಯಲ್ಲಿದ್ದ ಚೀಲ ಭಾರವೆನಿಸಿತು. ಫ್ಲಾಸ್ಕಿನಲ್ಲಿ ಹಾಲು ಹಾಗೇ ಇತ್ತು.

ತುಂಬಿದ ಫ್ಲಾಸ್ಕು ಹಿಡಿದು ಮನೆಗೆ ಹೋಗುವ ಹಾಗಿಲ್ಲ. ಮತ್ತೆ ಆಸ್ಪತ್ರೆಯೊಳಗೆ ಹೋದೆ. ನೋಡಲು ಬಂದವರಿಗೆಂದು ಇದ್ದ ಕಕ್ಕಸಿನ ಪಕ್ಕದಲ್ಲೊಂದು ವಾಷ್ ಬೇಸಿನ್ನು. ಬಾಟಲಿಯ ಮುಚ್ಚಳ ತೆಗೆದು ಅದರಲ್ಲಿ ಸುರಿದು ನಲ್ಲಿ ಬಿಟ್ಟೆ. ಹಾಲು ತಕ್ಷಣ ಹೋಗಲಿಲ್ಲ. ತೂತಿನ ಸುತ್ತ ಬಿಳಿಯಾಗಿ ನಿಂತಿತು, ಬೆರಳಿನಿಂದ ದೂಡಿದೆ. ಅದರಿಂದ ಜೀರಿಗೆಯ ವಾಸನೆ ಬಂತು. ನನ್ನ ಭ್ರಮೆಯೇ ಇರಬಹುದು, ಅಷ್ಟು ದಿನ ಆ ಮನೆಯಲ್ಲಿದ್ದ ನನ್ನ ಅಂಗಿಗೇ ಆ ವಾಸನೆ ಹತ್ತಿತ್ತು. ನನ್ನ ಹಿಂದೆ ಒಬ್ಬರು ಕೈ ತೊಳೆಯಲು ಕಾದು ನಿಂತಿದ್ದರು.

ಮನೆಗೆ ಬಂದು, ಎಂಟು ಎಂ.ಎಲ್. ಕುಡೀತು ಎಂದೆ.

ಮರುದಿನ ಹೆಂಡತಿ ಎಂದಿನಂತೆ ಬಾಟಲಿ ತುಂಬಿ ಕೊಟ್ಟಳು. ನಾನು ಎಂದಿನಂತೆ ಹೊರಟೆ. ಯಾವುದಾದರೂ ಮೋರಿಗೆ ಚೆಲ್ಲಿ, ಹೊತ್ತು ಕಳೆದು ಬರಬಹುದಿತ್ತು. ಕಾಲು ಅದೇ ಬಸ್ಸಿಗೆ ಹೋಯಿತು. ನನ್ನನ್ನು ಕಂಡ ನರ್ಸ್ ಗಾಬರಿಯಾಗಿ, ಯಾಕೆ ಸಾರ್ ಬಂದಿರಿ, ಏನಾದರೂ ಕಾಗದ ಬೇಕಿತ್ತೇ ಎಂದು ತಮಿಳಿನಲ್ಲಿ ಮೆತ್ತಗೆ ಕೇಳಿದಳು. ಇಲ್ಲ ಎಂದೆ. ಅದೇ ಬೇಸಿನ್ನಿಗೆ ಸುರಿದೆ. ಮೂರನೇ ದಿನ ಯಾರ ಕಣ್ಣಿಗೂ ಬೀಳದೆ ನೇರ ಬೇಸಿನ್ನಿಗೇ ಹೋದೆ. ಸ್ಮಶಾನ ಅಲ್ಲಿಂದ ಹತ್ತು ನಿಮಿಷದ ದಾರಿ ಎಂದು ಹೇಳಿದೆನಲ್ಲ. ಆ ಕಡೆ ತಿರುಗಿಯೂ ನೋಡಲಿಲ್ಲ. ಹೆದರಿಕೆಯೋ, ಬೇಸರವೋ, ಆಲೋಚನೆಯೇ ಬರಲಿಲ್ಲವೋ, ಈಗ ಯಾವ ನೆಪ ಹೇಳಿದರೂ ಅದು ನೆಪವೇ.

ಇತ್ತ ಅಡುಗೆಮನೆಯಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿದಿರಲಿಲ್ಲ. ಗಂಡಸರಿಗೆ ಯಾವತ್ತು ತಿಳಿದಿದೆ? ಮಾತಿನಲ್ಲಿ ಅಮ್ಮ ನನಗಿಂತ ಗಟ್ಟಿ. ಸೊಸೆಯ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ, ಕುಲಾವಿ ಹೊಲಿಯುವ ಬಟ್ಟೆಯನ್ನೂ ಎತ್ತಿಡಲಿಲ್ಲ. ಆದರೆ ಎರಡನೇ ಬೆಳಿಗ್ಗೆ ಒಲೆಯ ಮೇಲೆ ಬಾಣಲೆಯಿಟ್ಟು, ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳಂತೆ. ಮಗುವಿಲ್ಲದ ಎದೆಗೆ ಹಾಲು ತರಿಸುವ ಜೀರಿಗೆ ತಿನ್ನಿಸುವುದು ಪಾಪ ಎನ್ನಿಸಿತು. ಹಾಲು ಕಟ್ಟಿಕೊಂಡು ಜ್ವರ ಬಂದರೆ ಎಂಬ ಭಯ ಬೇರೆ. ಉಂಡೆ ಕಟ್ಟಲಿಲ್ಲ, ಬೆಲ್ಲ ಮುಗಿದಿದೆ ಎಂದಳು. ನೀರಿಗೆ ಜೀರಿಗೆಯ ಬದಲು ಓಮ ಹಾಕಿದಳು. ಸಾರಿಗೆ ಮೆಣಸೊಂದನ್ನೇ ಅರೆದಳು. "ಸುಳ್ಳು ಹೇಳೋಕೆ ಬಾಯಿ ಬಂತು ಕಣೋ, ಅದನ್ನ ಹುರಿಯೋಕೆ ಕೈ ಬರ್ಲಿಲ್ಲ" ಎಂದು ಆಮೇಲೆ ನನ್ನ ಮುಂದೆ ಹೇಳಿಕೊಂಡು ಅತ್ತಳು. ಹತ್ತು ಸಾವಿರ ಸಲ ಜೀರಿಗೆ ಹಾಕಿದ ಹೆಂಗಸಿಗೆ, ಹಾಕದಿದ್ದರೆ ತಿನ್ನುವವಳಿಗೆ ಗೊತ್ತಾಗುತ್ತದೆ ಎಂಬುದು ಹೊಳೆಯಲಿಲ್ಲ. ಅದರಲ್ಲೂ ಜೀರಿಗೆ ನಿಲ್ಲಿಸಿದರೆ ಏನರ್ಥ ಎಂದು ಆ ತಿನ್ನುವವಳಿಗೆ ಪಾಠ ಹೇಳಿದವಳು ತಾನೇ.

ಮೂರನೇ ದಿನ ಮೂರು ಗಂಟೆಗೆ ನಾನು ಮನೆಗೆ ಬಂದೆ. ಹೆಂಡತಿ ಹಾಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಊಟದ ತಟ್ಟೆ ಪಕ್ಕದಲ್ಲಿತ್ತು, ಅನ್ನ ಕಲಸಿ ಹಾಗೇ ಬಿಟ್ಟಿದ್ದಳು.

"ಇವತ್ತು ಎಷ್ಟು ಕುಡೀತು?" ಎಂದಳು.

"ಹತ್ತು ಎಂ.ಎಲ್."

"ನಿನ್ನೆಗಿಂತ ಜಾಸ್ತಿ."

"ಹೂಂ. ಇವತ್ತು ಕಣ್ಣು ಬಿಟ್ಟು ನೋಡ್ತಂತೆ. ನರ್ಸ್ ಹೇಳಿದ್ಲು." ಯಾಕೆ ಸೇರಿಸಿದೆನೋ. ಯಾರೂ ಕೇಳಿರಲಿಲ್ಲ.

"ಯಾವ ಕಡೆ ನೋಡ್ತು?"

"ದೀಪದ ಕಡೆ."

ಅವಳು ತಲೆಯಾಡಿಸಿದಳು. ಆಮೇಲೆ, ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಹೇಳುವ ದನಿಯಲ್ಲಿ, "ಅತ್ತೆ ನಿನ್ನೆ ಬೆಳಿಗ್ಗೆಯಿಂದ ನಂಗೆ ಜೀರಿಗೆ ಕೊಡ್ತಾ ಇಲ್ಲ" ಎಂದಳು. "ಉಂಡೆ ಇಲ್ಲ. ನೀರಲ್ಲಿ ಇಲ್ಲ. ನಿನ್ನೆ ಸಾರಲ್ಲಿ ಮರ್ತಿದಾರೆ ಅಂದ್ಕೊಂಡೆ. ಇವತ್ತೂ ಇಲ್ಲ. ಯಾವತ್ತು ಹೋಯ್ತು?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅಷ್ಟು ಸಾಕಾಗಿತ್ತು.

"ಮೊನ್ನೆ," ಎಂದೆ.

"ಎಲ್ಲಿ?"

"ಪೋರೂರಲ್ಲೇ. ಮಣ್ಣು ಮಾಡ್ದೆ."

ಸೆಳೆತ ಬರಲಿಲ್ಲ. ಕೂಗಲೂ ಇಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನು ಅದರ ಮುಖ ನೋಡೇ ಇರ್ಲಿಲ್ಲ ರೀ," ಎಂದಳು. "ಒಂದ್ಸಲ ತೋರಿಸ್ಬಹುದಿತ್ತಲ್ಲ. ನಂಗೆ ಏನಾದ್ರೂ ಆಗ್ತಿತ್ತು, ಆಗ್ಲಿ. ನೀವು ಯಾರು ಬೇಡ ಅನ್ನೋಕೆ?"

ಡಾಕ್ಟರು ಹೇಳಿದ್ದು, ಅಮ್ಮ ಹೇಳಿದ್ದು, ಎಲ್ಲ ಬಾಯಿಯವರೆಗೆ ಬಂದು ಹಿಂದೆ ಹೋಯಿತು. ಅಮ್ಮ ಒಳಗೆ ಬಂದು ಸೊಸೆಯ ಪಾದದ ಹತ್ತಿರ ನೆಲದ ಮೇಲೆ ಕೂತಳು. ಅವಳು ಕಾಲು ಎಳೆದುಕೊಂಡಳು.

ಆಗ ಅವಳ ಕಣ್ಣು ನನ್ನ ಕೈಯ ಚೀಲದ ಮೇಲೆ ಬಿತ್ತು. ನಾನು ಅದನ್ನು ಕೆಳಗಿಡಲೂ ಮರೆತಿದ್ದೆ. "ಮೂರು ದಿನದ ಹಾಲು ಏನ್ ಮಾಡಿದ್ರಿ?" ಎಂದಳು.

ನಾನು 'ಬೇಸಿನ್' ಎಂದು ಹೇಳಬೇಕಿತ್ತು. ಆ ಹಾಲಿಗಾಗಿ ಅವಳು ಹೊಲಿಗೆ ಬಿಚ್ಚಿದಂಥ ನೋವಿನಲ್ಲಿ ಎದ್ದು ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ವಾಕರಿಕೆ ಬರುವ ಉಂಡೆಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದುದನ್ನು ನೋಡಿದ್ದೇನೆ. ನಮ್ಮಲ್ಲಿ ಮಣ್ಣು ಮಾಡಿದ ಮೂರನೇ ದಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಕೂಸುಗಳಿಗೆ ಅದೂ ಇಲ್ಲ, ಆದರೂ ಆ ಸಂಪ್ರದಾಯವೇ ನನ್ನ ನಾಲಿಗೆಗೆ ಸುಳ್ಳನ್ನು ಸಿದ್ಧ ಮಾಡಿ ಕೊಟ್ಟಿತು.

"ಅದರ ಮೇಲೇ ಹುಯ್ದೆ," ಎಂದೆ. "ಮಣ್ಣಿನ ಮೇಲೆ. ಮೂರು ದಿನವೂ."

ಅವಳು ನನ್ನನ್ನೇ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ. ಅಷ್ಟು ದಿನದಲ್ಲಿ ಅಭ್ಯಾಸವಾಗಿತ್ತು.

"ಹಂಗಾದ್ರೆ ಕುಡೀತು," ಎಂದಳು.

ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಒಂದು ನಾಚಿಕೆಗೇಡಿನ ಕಾರಣವೂ ಇದೆ. ನನ್ನ ಹೆಂಡತಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಊರಿನ ಶಾಲೆಯಲ್ಲಿ ಓದಿದ ನಮ್ಮವರಲ್ಲಿ ಬಹಳ ಜನ ಹಾಗೇ. ನನಗೆ ಅಕ್ಷರ ಕಲಿಸಿದ್ದು ಅಮ್ಮ, ಬೇಸಿಗೆ ರಜೆಯಲ್ಲಿ, ಕಿವಿ ಹಿಂಡಿ. ಕಲಿಸುವಾಗ ಅವಳು ಇದಕ್ಕೆ ಎಂದು ಅಂದುಕೊಂಡಿರಲಾರಳು.

ಹಾಲು ಕೂಡಲೇ ನಿಲ್ಲಲಿಲ್ಲ. ಜೀರಿಗೆ ಬಿಟ್ಟರೆ ತಾನಾಗೇ ಬತ್ತುತ್ತದೆ ಎಂಬ ಅಮ್ಮನ ಮಾತು ಅಷ್ಟರ ಮಟ್ಟಿಗೆ ಸುಳ್ಳಾಯಿತು. ಎದೆ ಕಲ್ಲಾಗಿ ಜ್ವರ ಬಂತು. ಪಕ್ಕದ ಮನೆಯ ಮಾಮಿ ಮಲ್ಲಿಗೆಯ ಮಾಲೆ ತಂದು ಎದೆಗೆ ಕಟ್ಟಿಸಿದರು. ಇಲ್ಲಿಯವರು ಹಾಲು ಬತ್ತಿಸಲು ಮಾಡುವುದು ಹಾಗೆ. ಮುಡಿಯಬೇಕಾದ ಹೂವನ್ನು ಹಾಗೆ ಕಟ್ಟಿಕೊಂಡು ನನ್ನ ಹೆಂಡತಿ ನಾಲ್ಕು ದಿನ ಮಲಗಿದ್ದಳು. ಕೋಣೆಯಲ್ಲಿ ಮದುವೆ ಮನೆಯ ವಾಸನೆ. ಐದನೇ ದಿನ ಬಾಡಿದ ಮಾಲೆ ಬಿಚ್ಚಿ ಮೂಲೆಗೆಸೆದು, "ಪೋದುಂ, ಸಾಕು" ಎಂದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಇನ್ನೊಂದು ಬಸುರು ಅಪಾಯವೆಂದು ಹೇಳಿದ್ದರು, ನಾವೂ ಧೈರ್ಯ ಮಾಡಲಿಲ್ಲ.

ಅಮ್ಮ ಅಂದಿನಿಂದ ಜೀರಿಗೆಯನ್ನೇ ಬಿಟ್ಟಳು. ಬಾಣಂತಿಯ ಸಾರಿನಿಂದ ಮಾತ್ರವಲ್ಲ, ಎಲ್ಲದರಿಂದ. ಒಗ್ಗರಣೆಗೆ ಸಾಸಿವೆ ಒಂದೇ. ನನಗೆ ಹೊಟ್ಟೆನೋವು ಬಂದರೆ ಅಂಗಡಿಯ ಮಾತ್ರೆ ತರಲು ಹೇಳುತ್ತಿದ್ದಳು. ಡಬ್ಬಿ ಖಾಲಿಯಾಗಿ ಮೇಲಿನ ಹಲಗೆಗೆ ಹೋಯಿತು. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದರು, ಉಪ್ಪು ಕೊಡು, ತಗೋ, ಇಷ್ಟೇ ಮಾತು. ಹಾಗೇ ವರ್ಷದ ಮೇಲಾಯಿತು.

ಒಂದು ಭಾನುವಾರ ಅಮ್ಮನಿಗೆ ಹೊಟ್ಟೆ ಹಿಡಿದುಕೊಂಡಿತು. ಊಟ ಬಿಟ್ಟು ಮುದುರಿಕೊಂಡು ಮಲಗಿದ್ದಳು. ನಾನು ಮಾತ್ರೆ ತರಲು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಡುಗೆಮನೆಯಿಂದ ಹುರಿದ ಜೀರಿಗೆಯ ವಾಸನೆ ಬಂತು. ಹೆಂಡತಿ ಯಾವಾಗ ತಂದಿಟ್ಟಿದ್ದಳೋ. ಕಷಾಯವನ್ನು ಬಟ್ಟೆಯಲ್ಲಿ ಸೋಸಿ, ಲೋಟದಿಂದ ಲೋಟಕ್ಕೆ ಆರಿಸಿ, ಅಮ್ಮನ ತಲೆ ಎತ್ತಿ ಹಿಡಿದು ಕುಡಿಸಿದಳು. "ಸರಿಯಾಗಿ ಹುರ್ದಿದೀನಾ ಅತ್ತೆ?" ಎಂದು ಕೇಳಿದಳು. "ಸ್ವಲ್ಪ ಸೀದಿದೆ ಕಣಮ್ಮ" ಎಂದಳು ಅಮ್ಮ. ಇಬ್ಬರೂ ಅತ್ತರು. ನಾನು ಒಂದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರಿಬ್ಬರ ನಡುವೆ ಇದ್ದ ಸುಳ್ಳು ಬಯಲಾಗಿ ವರ್ಷವಾಗಿತ್ತು, ಅದಕ್ಕೇ ಅವರು ಅಳಬಹುದಿತ್ತು. ನನ್ನದು ಒಳಗೇ ಇತ್ತು. ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ.

ಪೋರೂರಿಗೆ ವರ್ಷಕ್ಕೊಂದು ಸಲ ಹೋಗುತ್ತಿದ್ದೆವು. ಮೊದಲ ಸಲ ಅವಳನ್ನು ಕರೆದೊಯ್ದದ್ದು ಬಾಣಂತನದ ನಲವತ್ತು ದಿನ ಕಳೆದ ಮೇಲೆ. ಗೋಡೆ, ಕಲ್ಲು, ಗುಡ್ಡೆ ಎನ್ನುವಷ್ಟೂ ಇಲ್ಲದ ನೆಲ. "ಇಲ್ಲೇ ಹುಯ್ದಿದ್ದಾ?" ಎಂದು ಕೇಳಿದಳು. ಇಲ್ಲೇ ಎಂದೆ. ಯಾವ ಕಡೆ ನಿಂತು ಹುಯ್ದಿರಿ ಎಂದಳು. ಅದನ್ನೂ ತೋರಿಸಿದೆ. ಅಲ್ಲೇ ನಿಂತು ತಾನು ತಂದಿದ್ದ ಪುಟ್ಟ ಲೋಟದ ಹಾಲನ್ನು, ಅಂಗಡಿಯ ಹಾಲನ್ನು, ಹುಯ್ದಳು. ಪ್ರತಿ ವರ್ಷವೂ ಅದೇ. ಪ್ರತಿ ಸಲವೂ ಬಸ್ಸಿನಲ್ಲಿ ಕೂತಾಗ, ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಆ ಆಸ್ಪತ್ರೆಯ ಮುಂದೆ ಬಸ್ಸು ನಿಲ್ಲುವ ಹೊತ್ತಿಗೆ ಅವಳಿಗಿಂತ ಮೊದಲೇ ಎದ್ದು ಇಳಿದುಬಿಡುತ್ತಿದ್ದೆ.

ಅಮ್ಮ ಹೋದ ಮರುವರ್ಷ, ಹೊಸ ಶತಮಾನ ಶುರುವಾಗಿ ಐದಾರು ವರ್ಷ ಆಗಿತ್ತು, ನಾವು ಹೋದಾಗ ಅಲ್ಲಿ ಗೋಡೆ ಇರಲಿಲ್ಲ. ಪೋರೂರಿನ ಸುತ್ತ ಐ.ಟಿ. ಕಂಪನಿಗಳು ಎದ್ದು, ರಸ್ತೆ ಅಗಲ ಮಾಡಿದ್ದರು. ಸ್ಮಶಾನದ ಆ ಅಂಚು ರಸ್ತೆಗೆ ಹೋಗಿತ್ತು. ಹೊಸ ಗೋಡೆ ಹತ್ತಿಪ್ಪತ್ತು ಅಡಿ ಒಳಗೆ ಸರಿದಿತ್ತು. ನಾವು ನಿಲ್ಲುತ್ತಿದ್ದ ಜಾಗದ ಮೇಲೆ ಡಾಂಬರು, ಅದರ ಮೇಲೆ ಲಾರಿ, ಬಸ್ಸು, ಕಂಪನಿಯ ವ್ಯಾನುಗಳು. ಹೆಂಡತಿ ಲೋಟ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ನಿಂತಳು. ಹುಯ್ಯಲು ಎಲ್ಲಿಯೂ ಜಾಗವಿರಲಿಲ್ಲ.

ಆಗ ಅವಳು ಅತ್ತಳು. ಅಷ್ಟು ವರ್ಷದಲ್ಲಿ ನನ್ನೆದುರು ದನಿ ತೆಗೆದು ಅತ್ತದ್ದು ಅದೇ ಮೊದಲು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ನಾನು ತೋಳು ಹಿಡಿದೆ. ಇನ್ನು ತೋರಿಸಲು ಜಾಗವೂ ಇಲ್ಲ, ಕೇಳಲು ಅಮ್ಮನೂ ಇಲ್ಲ, ಈಗಲಾದರೂ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

ಅವಳೇ ಮೊದಲು ಮಾತಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆಯನ್ನೇ ನೋಡುತ್ತ, "ಆ ಮೂರು ದಿನ ನೀವು ಅದಕ್ಕೆ ಹಾಲು ಹುಯ್ದು ಬಂದ್ರಲ್ಲ," ಎಂದಳು. "ಅದೊಂದಕ್ಕೇ ರೀ ನಾನು ನಿಮ್ಮನ್ನ ಕ್ಷಮಿಸಿದ್ದು. ಇಲ್ಲದಿದ್ರೆ ಆವತ್ತೇ ಮನೆ ಬಿಟ್ಟು ಹೋಗ್ತಿದ್ದೆ."

ನಾನು ಹೂಂ ಎಂದೆ. ಬಸ್ಸು ಬಂತು, ಹತ್ತಿದೆವು.